ಪರದೇಶದ ಗಿಳೀನ ತೋಟಕ್ಕೆ ಬಿಡಬೇಡಿ

ನಮ್ಮ ಅಮೃತಾಪುರ ಹೋಬಳಿಯಲ್ಲೇ ಈಗ ಕೆಲವು ಮನೆಗಳಿಗೆ ಪರದೇಶದ ಗಿಳಿಗಳು ಬಂದಿದಾವೆ. ಹಳದಿ ಕೇಸರಿ ಬಣ್ಣದ್ದು, ಬೂದು ಎದೆಯ ಹಸಿರು ಬಣ್ಣದ್ದು, ಹೀಗೆ. ಮಕ್ಕಳು ಹಟ ಮಾಡಿ ಪೇಟೆಯಿಂದ ತರಿಸಿಕೊಂಡಿರೋವು. ಮೊದಲ ಆರು ತಿಂಗಳು ಚೆಂದ. ಆಮೇಲೆ ಅದರ ಕಿರುಚಾಟ, ಗಲೀಜು, ಕಾಳಿನ ಖರ್ಚು ಎಲ್ಲ ಬೇಜಾರಾಗುತ್ತೆ. ಆಗ ಮನೆಯ ಹಿರಿಯರು ಹೇಳೋ ಮಾತು ಒಂದೇ: "ಪಾಪ, ತೋಟದಾಗೆ ಬಿಟ್ಟುಬಿಡ್ರೋ, ಪುಣ್ಯ ಬರುತ್ತೆ." ನನ್ನನ್ನೂ ಒಬ್ಬರು ಕೇಳಿದರು, ನಿಮ್ಮ ತೋಟದ ಕಡೆ ಬಿಡಬಹುದಾ ಅಂತ. ಬೇಡ ಅಂದೆ. ಯಾಕೆ ಬೇಡ ಅನ್ನೋದನ್ನ ಬಿಡಿಸಿ ಬರೀತೀನಿ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ನಮ್ಮದೇ ಗಿಳಿಯ ಕಥೆ ಕೇಳಿ. ಜೋಳದ ತೆನೆಯ ಸಿಪ್ಪೆ ಸೀಳಿ ಕಾಳು ತಿನ್ನೋ, ಗಂಡಿಗೆ ಕೊರಳಲ್ಲಿ ಪಟ್ಟಿ ಇರೋ ಹಸಿರು ಗಿಳಿ ಐತಲ್ಲ, ಅದು ಇವತ್ತು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಊರುಗಳ ಪಾರ್ಕುಗಳಲ್ಲಿ ಹಿಂಡುಗಟ್ಟಿ ಕೂತೈತೆ. ಇಂಗ್ಲೆಂಡಿನ ಕೆಂಟ್ ಅನ್ನೋ ಸೀಮೆಯಲ್ಲಿ ಅದು ಮರಿ ಮಾಡಿದ್ದು 1969ರಲ್ಲಿ ದಾಖಲಾಯ್ತು. ಈಗ ಆ ದೇಶದಲ್ಲಿ 30 ಸಾವಿರದ ಆಸುಪಾಸು ಇದಾವೆ ಅಂತ ಅಂದಾಜು. ಹಿಮ ಬೀಳೋ ದೇಶದಲ್ಲಿ ನಮ್ಮ ಗಿಳಿ ಹೆಂಗೆ ಬದುಕಿತು ಅಂತ ಡಿಎನ್‌ಎ ಪರೀಕ್ಷೆ ಮಾಡಿ ನೋಡಿದಾರೆ. ಯುರೋಪಿನಲ್ಲಿರೋವು ಹೆಚ್ಚಿನವು ಉತ್ತರ ಭಾರತ, ಪಾಕಿಸ್ತಾನದ ಕಡೆ ತಳಿ. ಅಲ್ಲಿಯ ಚಳಿಗಾಲ ಅವಕ್ಕೆ ಮೊದಲೇ ಅಭ್ಯಾಸ. ನಮ್ಮ ತರೀಕೆರೆ ಕಡೆಯವು ಹೋಗಿದ್ದರೆ ಅಷ್ಟು ಸುಲಭ ಇರ್ತಿರಲಿಲ್ಲವೇನೋ!

ಲಂಡನ್ನಿನಲ್ಲಿ ಒಂದು ಕಥೆ ಐತಂತೆ, ಜಿಮಿ ಹೆಂಡ್ರಿಕ್ಸ್ ಅನ್ನೋ ಗಿಟಾರ್ ಬಾರಿಸೋನು ಒಂದು ಜೋಡಿ ಗಿಳಿ ಬಿಟ್ಟ, ಅದರಿಂದ ಎಲ್ಲ ಆಯ್ತು ಅಂತ. 2019ರಲ್ಲಿ ಹಳೇ ದಾಖಲೆಗಳನ್ನೆಲ್ಲ ನಕ್ಷೆ ಮೇಲಿಟ್ಟು ನೋಡಿದವರು ಈ ಕಥೆಗೆ ಆಧಾರ ಇಲ್ಲ ಅಂದರು. ನಿಜವಾಗಿ ಆಗಿದ್ದು ಬೇರೆ. ಅಲ್ಲೊಂದು ಮನೆಯಿಂದ ಎರಡು ಹಾರಿಹೋದವು, ಇಲ್ಲೊಂದು ಅಂಗಡಿಯಿಂದ ನಾಲ್ಕು, ಬೇಸರ ಬಂದೋರು ಬಿಟ್ಟಿದ್ದು ಮತ್ತೆರಡು. ಹೀಗೇ ವರ್ಷಗಟ್ಟಲೆ. ಬ್ರಸೆಲ್ಸಿನಲ್ಲಿ ಮಾತ್ರ 1974ರಲ್ಲಿ ಒಂದು ಪ್ರಾಣಿಸಂಗ್ರಹಾಲಯದವರು ಊರಿಗೆ ಬಣ್ಣ ಬರಲಿ ಅಂತ ಬೇಕಂತಲೇ ನಲವತ್ತರಷ್ಟು ಬಿಟ್ಟರು. ಅಲ್ಲಿ ಈಗ ಸಾವಿರಗಟ್ಟಲೆ ಇದಾವೆ.

ಒಂದು ಗಿಳಿ ಬಿಟ್ಟರೆ ಏನೂ ಆಗಲ್ಲ ಅನ್ನೋರು ಅರ್ಧ ಸರಿ. ಬಿಟ್ಟ ಹಕ್ಕಿಗಳಲ್ಲಿ ಬಹುಪಾಲು ಸಾಯ್ತಾವೆ. ಕಾಗೆ ಕುಕ್ಕುತ್ತೆ, ಡೇಗೆ ಒಯ್ಯುತ್ತೆ, ಪಂಜರದಲ್ಲೇ ಹುಟ್ಟಿದ್ದಕ್ಕೆ ಆಹಾರ ಹುಡುಕೋದೇ ಗೊತ್ತಿರಲ್ಲ. ಪುಣ್ಯ ಅಂತ ಬಿಡೋರು ಇದನ್ನ ಯೋಚಿಸಬೇಕು. ಇನ್ನರ್ಧ ಏನಂದ್ರೆ, ಒಂದೇ ಜಾತಿಯವನ್ನ ನೂರು ಮನೆಯವರು ಹತ್ತು ವರ್ಷ ಬಿಡ್ತಾ ಹೋದರೆ ಯಾವುದೋ ಒಂದು ವರ್ಷ ಗಂಡು ಹೆಣ್ಣು ಕೂಡ್ತಾವೆ. ಸುತ್ತ ಹಣ್ಣಿನ ಮರ, ಕಾಳು, ಕೂರೋಕೆ ಜಾಗ ಇದ್ದರೆ ಮುಗೀತು. ಮೊದಲ ಹತ್ತಿಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳಲ್ಲ, ಬಿದ್ದರೂ ಎಷ್ಟು ಚೆಂದ ಅಂತಾರೆ. ಆಮೇಲೆ ಒಮ್ಮೆಗೇ ಹಿಂಡು. ತಡೆಯೋಕೆ ಆಗೋದು ಚೆಂದ ಅನ್ನೋ ಕಾಲದಲ್ಲಿ ಮಾತ್ರ.

ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲೂ ನಮ್ಮ ಇದೇ ಗಿಳಿ ತಪ್ಪಿಸಿಕೊಂಡು ಸಂಸಾರ ಹೂಡಿತ್ತು. ಅಲ್ಲಿಗೇ ಸೇರಿದ ಒಂದು ಕಪ್ಪು ಗಿಳಿ ಐತೆ, ಅದಕ್ಕೆ ಅಪಾಯ ಅಂತ ಸರ್ಕಾರದವರು ಹಿಂದೆ ಬಿದ್ದು 500 ಚಿಲ್ಲರೆ ಹಕ್ಕಿಗಳನ್ನ ಕೊಂದು ಮುಗಿಸಿದರು. ಅಷ್ಟಕ್ಕೇ ವರ್ಷಗಟ್ಟಲೆ ಕೆಲಸ ಹಿಡೀತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 2019ರಲ್ಲಿ ಎಣಿಸಿದಾಗ ಸುಮಾರು 12 ಸಾವಿರ ಪರದೇಶದ ಗಿಳಿ. ಅಲ್ಲಿ ಈಗ ಕಡಿಮೆ ಮಾಡೋ ಮಾತು ಬಿಟ್ಟರೆ ಪೂರ್ತಿ ತೆಗೆಯೋ ಮಾತೇ ಕಷ್ಟ.

ಆ ಮ್ಯಾಡ್ರಿಡ್ ಗಿಳಿ ಮಾಂಕ್ ಪ್ಯಾರಕೀಟ್ ಅಂತ, ನಮ್ಮ ಅಂಗಡಿಯವರು ಕ್ವೇಕರ್ ಅಂತ ಮಾರ್ತಾರೆ. ಬೂದು ಎದೆ, ಬೂದು ಹಣೆ, ಮಿಕ್ಕಿದ್ದೆಲ್ಲ ಹಸಿರು. ನನಗೆ ಹೆಚ್ಚು ಹೆದರಿಕೆ ಇದರದೇ. ಮಿಕ್ಕ ಗಿಳಿಗಳಿಗೆ ಮರದ ಪೊಟರೆ ಬೇಕು, ಪೊಟರೆ ಇಲ್ಲದಿದ್ದರೆ ಮರಿ ಇಲ್ಲ. ಇದು ಹಂಗಲ್ಲ. ಕಡ್ಡಿ ತಂದು ತಾನೇ ಗೂಡು ಕಟ್ಟುತ್ತೆ, ಹತ್ತಾರು ಜೋಡಿ ಸೇರಿ ವಠಾರದ ಮನೆ ಥರ ದೊಡ್ಡ ಗೂಡು. ಕರೆಂಟ್ ಕಂಬದ ಮೇಲೂ ಕಟ್ಟುತ್ತೆ, ತಾಳೆ ಜಾತಿ ಮರದ ಸುಳಿ ಹತ್ತಿರಾನೂ ಕಟ್ಟುತ್ತೆ. ನಮ್ಮಲ್ಲಿ ತೆಂಗು ಅಡಿಕೆಗೆ ಬರವಾ? ಅದರ ಹುಟ್ಟೂರು ಅರ್ಜೆಂಟೀನಾ ಕಡೆ. ಅಲ್ಲಿಯ ರೈತರಿಗೆ ಅದು ಹಾಳು ಮಾಡೋ ಬೆಳೆ ಯಾವುದು ಗೊತ್ತಾ? ಮುಸುಕಿನ ಜೋಳ, ಸೂರ್ಯಕಾಂತಿ. ಅಜ್ಜಂಪುರದಿಂದ ಕಡೂರಿನ ತನಕ ನಾವು ಹಾಕೋದೂ ಅದನ್ನೇ.

ಕೆಲವರು ಕೇಳ್ತಾರೆ, ನಮ್ಮ ಊರ ಗಿಳೀನೂ ತೆನೆ ತಿನ್ನುತ್ತಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ. ತಿನ್ನುತ್ತೆ, ನನ್ನ ಹೊಲದಲ್ಲೂ ತಿಂದೈತೆ, ಡಬ್ಬ ಬಡಿದು ಸಾಕಾಗೈತೆ. ಆದರೆ 1196ರಲ್ಲಿ ಅಮೃತೇಶ್ವರ ದೇವಸ್ಥಾನ ಕಟ್ಟೋವಾಗಲೂ ಈ ಗಿಳಿ ಇಲ್ಲೇ ಇತ್ತು ಅಂತ ನನ್ನ ಎಣಿಕೆ. ಅದನ್ನ ಹಿಡಿಯೋ ಡೇಗೆ, ಮರಿ ತಿನ್ನೋ ಹಾವು, ಪೊಟರೆಗೆ ಜಗಳ ಆಡೋ ಗೊರವಂಕ, ಗೂಬೆ ಎಲ್ಲ ಇಲ್ಲೇ ಇದಾವೆ, ಅದಕ್ಕೇ ಒಂದು ಲೆಕ್ಕದಲ್ಲಿ ಐತೆ. ಹೊಸದು ಬಂದರೆ ಇದರ ಪಾಲು ಕಡಿಮೆ ಆಗಲ್ಲ, ಅದರ ಮೇಲೆ ಇನ್ನೊಂದು ಪಾಲು. ನಮ್ಮ ಗಿಳಿ ಹೋದ ಕಡೆ ಮಾಡಿದ್ದೂ ಅದೇ. ಸ್ಪೇನಿನ ಸೆವಿಲ್ ಊರಿನ ಒಂದು ಪಾರ್ಕಿನಲ್ಲಿ ಪೊಟರೆಗಾಗಿ ದೊಡ್ಡ ಬಾವಲಿಗಳನ್ನ ಕಚ್ಚಿ ಕೊಂದು ಓಡಿಸಿದ್ದನ್ನ ಅಲ್ಲಿಯವರು ದಾಖಲು ಮಾಡಿದಾರೆ. ಬೇರೆ ಹಕ್ಕಿಗಳು ಗೂಡು ಹುಡುಕೋ ಮೊದಲೇ ಇದು ಪೊಟರೆ ಹಿಡಿದುಬಿಡುತ್ತೆ.

ಹೊರಗಿಂದ ಬಂದದ್ದು ಏನು ಮಾಡುತ್ತೆ ಅಂತ ನಮಗೆ ಹೇಳಿಕೊಡಬೇಕಾ? ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಕೈಯೆಲ್ಲ ತುರಿಕೆ. ಜೋಳದ ಸುಳಿ ತಿನ್ನೋ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು ಪಕ್ಕದ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳು. ಒಂದೆರಡು ವರ್ಷದಲ್ಲಿ ದೇಶದ ಜೋಳದ ಸೀಮೆಗೆಲ್ಲ ಹರಡಿತು. ಇವನ್ನ ಯಾರೂ ದುಡ್ಡು ಕೊಟ್ಟು ತಂದಿರಲಿಲ್ಲ. ಗಿಳೀನ ಸಾವಿರಾರು ರೂಪಾಯಿ ಕೊಟ್ಟು ತರ್ತಿದೀವಿ, ಅದೊಂದೇ ವ್ಯತ್ಯಾಸ.

ನಮ್ಮ ಕಡೆ ಯಾವ ಪರದೇಶದ ಗಿಳೀನೂ ಹೊರಗೆ ಗೂಡು ಕಟ್ಟಿದ್ದನ್ನ ನಾನು ಈ ತನಕ ನೋಡಿಲ್ಲ. ಅದಕ್ಕೇ ಈಗ ಬರೀತಿದೀನಿ.

1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಊರ ಗಿಳಿ ಹಿಡಿಯೋದು, ಸಾಕೋದು ಅಪರಾಧ. ಅದು ಸರಿಯಾದ್ದೇ. ಆದರೆ ಅದರಿಂದ ವ್ಯಾಪಾರ ಪರದೇಶದ ಹಕ್ಕಿ ಕಡೆ ತಿರುಗಿತು ಅಂತ ನನಗನ್ನಿಸುತ್ತೆ. ಅವುಗಳಲ್ಲಿ ಪಟ್ಟಿಗೆ ಸೇರಿದ ಜಾತಿಗಳನ್ನ ಪರಿವೇಶ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮ ಬಂದೈತೆ, ಕ್ವೇಕರ್ ಕೂಡ ಪಟ್ಟಿಯಲ್ಲೈತೆ. ಮಾರೋನು ಹೇಳಲ್ಲ, ನೀವೇ ಕೇಳಬೇಕು.

ಮನೆಯಲ್ಲಿ ಸಾಕೋಕೆ ಆಗದಿದ್ದರೆ ಸಾಕೋರಿಗೇ ಕೊಡಿ, ಇಲ್ಲಾ ಅರಣ್ಯ ಇಲಾಖೆಯವರನ್ನ ಕೇಳಿ. ಪಂಜರದ ಬಾಗಿಲಿಗೆ ಒಂದು ತಂತಿ ಸುತ್ತಿಡಿ. ಕರೆಂಟ್ ಕಂಬದ ಮೇಲೋ ತೆಂಗಿನ ಸುಳಿಯಲ್ಲೋ ಕಡ್ಡಿಯ ದೊಡ್ಡ ಗೂಡು, ಅದರ ಸುತ್ತ ಬೂದು ಎದೆಯ ಗಿಳಿ ಕಂಡರೆ ನೀವೇ ಕೀಳೋಕೆ ಹೋಗಬೇಡಿ. ಫೋಟೋ ತೆಗೆದು, ಜಾಗ, ತಾರೀಕು ಬರೆದು ನನಗೊಂದು, ಅರಣ್ಯ ಇಲಾಖೆಗೊಂದು ಕಳಿಸಿ.