ಹರಿದ ಪ್ರತಿಯಿಂದಲೇ ಶುರು ಮಾಡಿ

ಕಳೆದ ತಿಂಗಳು ನಮ್ಮ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಎಂ.ಎ. ಓದುವ ಹುಡುಗನೊಬ್ಬ ಟೀ ಲೋಟ ಹಿಡಿದುಕೊಂಡು ಬಂದು ಎದುರಿಗೆ ಕೂತ.

'ಅಕ್ಕಾ, ನೀವು ಅಮೆರಿಕದಲ್ಲಿದ್ದಾಗ ಹಳೇ ಕಾಮಿಕ್ಸ್ ತಗೊಂಡಿದ್ರಂತಲ್ಲ. ನಂಗೂ ಗೋಲ್ಡನ್ ಏಜ್ ಕಾಮಿಕ್ಸ್ ಕಲೆಕ್ಟ್ ಮಾಡ್ಬೇಕು ಅಂತಿದೆ. ನ್ಯೂಜೆರ್ಸಿಯಲ್ಲಿರೋ ಮಾವ ದೀಪಾವಳಿಗೆ ಬರ್ತಾರೆ, ಒಂದು ತಂದುಕೊಡ್ತೀನಿ ಅಂದಿದ್ದಾರೆ. ಯಾವುದು ತಗೊಂಡ್ರೆ ಮುಂದೆ ರೇಟ್ ಬರುತ್ತೆ?'

'ನಿಂಗೆ ಯಾವುದು ಓದೋಕೆ ಇಷ್ಟ?' ಅಂತ ಕೇಳಿದೆ.

'ಓದೋದಾ? ಅದು ಸೀಲ್ ಆಗಿರುತ್ತಲ್ಲ ಅಕ್ಕಾ!'

ಅವನನ್ನು ಬೈದು ಪ್ರಯೋಜನವಿಲ್ಲ. ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಎಲ್ಲ ಕಡೆ ಸಿಗುವ ಮೊದಲ ಉಪದೇಶವೇ ಅದು: ನಿಮ್ಮ ಕೈಗೆಟುಕುವ ಅತಿ ಹೆಚ್ಚಿನ ಗ್ರೇಡಿನ ಪ್ರತಿಯನ್ನು ಕೊಳ್ಳಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿರುವುದನ್ನೇ ಕೊಳ್ಳಿ, ತೆರೆಯಬೇಡಿ. ಈ ಉಪದೇಶ ತಪ್ಪು ಎನ್ನುವುದಕ್ಕಾಗಿಯೇ ಈ ಬರಹ. ಬ್ಯಾಂಕಿನ ಲಾಕರಿನಲ್ಲಿಟ್ಟ ಸರವನ್ನು ಯಾರೂ ಸಂಗ್ರಹ ಅನ್ನುವುದಿಲ್ಲ. ಓದಲಾಗದಂತೆ ಮುಚ್ಚಿಟ್ಟ ಪುಸ್ತಕಕ್ಕೆ ಮಾತ್ರ ಆ ಹೆಸರು ಯಾಕೆ?

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಮೆರಿಕದಲ್ಲಿ 1938ರ ಜೂನ್ ತಾರೀಖು ಹೊತ್ತ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಅಲ್ಲಿಂದ ಸುಮಾರು 1956ರವರೆಗಿನ ಕಾಲವನ್ನು ಸಂಗ್ರಾಹಕರು 'ಗೋಲ್ಡನ್ ಏಜ್' ಅನ್ನುತ್ತಾರೆ. ಬ್ಯಾಟ್‌ಮ್ಯಾನ್ (1939), ಕ್ಯಾಪ್ಟನ್ ಅಮೆರಿಕ (1941) ಬಂದದ್ದು ಆಗಲೇ. ಆದರೆ ಆ ಕಾಲ ಬರೀ ಸೂಪರ್‌ಹೀರೋಗಳದ್ದಲ್ಲ. ಪತ್ತೇದಾರಿ, ಕೌಬಾಯ್, ಪ್ರಣಯ, ಭಯಾನಕ, ನಗೆಪ್ರಾಣಿಗಳ ಕತೆ, ಎಲ್ಲವೂ ಹತ್ತು ಸೆಂಟಿಗೆ ಸಿಗುತ್ತಿದ್ದವು. ಆರಂಭದಲ್ಲಿ ಆ ಹತ್ತು ಸೆಂಟಿಗೆ 64 ಪುಟ. ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ, ಆಮೇಲೆ ಹಪ್ಪಳದಂತೆ ಪುಡಿ ಮಾಡುತ್ತದೆ. ಓದಿ ಎಸೆಯಲೆಂದೇ ಅಚ್ಚಾದ ಸರಕು ಅದು.

ಎಸೆದರು ಕೂಡ. ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹದ ಅಭಿಯಾನಗಳಿಗೆ ಮಕ್ಕಳು ತಮ್ಮ ಕಾಮಿಕ್ಸ್ ಕೊಟ್ಟರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಸೇರಿದಂತೆ ಹಲವು ಊರುಗಳಲ್ಲಿ ಶಾಲಾ ಮಕ್ಕಳ ಕೈಯಿಂದಲೇ ಕಾಮಿಕ್ಸ್‌ಗೆ ಬೆಂಕಿ ಹಚ್ಚಿಸಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂದು ಪುಸ್ತಕ ಬರೆದ. ಅದೇ ವರ್ಷ ಸೆನೆಟ್ ವಿಚಾರಣೆ ನಡೆಯಿತು. ಹೆದರಿದ ಪ್ರಕಾಶಕರು 'ಕಾಮಿಕ್ಸ್ ಕೋಡ್' ಎಂಬ ಸ್ವಯಂ ಸೆನ್ಸಾರ್ ಹೇರಿಕೊಂಡರು. ಇಷ್ಟೆಲ್ಲದರ ನಡುವೆ ಒಂದು ಪ್ರತಿ ಉಳಿದಿದೆಯೆಂದರೆ ಯಾರೋ ಅದನ್ನು ಬಿಟ್ಟುಕೊಡಲಿಲ್ಲ ಎಂದರ್ಥ. ಕೊಲೊರಾಡೋದ ಎಡ್ಗರ್ ಚರ್ಚ್ ಎಂಬ ವಾಣಿಜ್ಯ ಚಿತ್ರಕಾರನ ಮನೆಯಲ್ಲಿ 1977ರಲ್ಲಿ ಸಾವಿರಾರು ಸಂಚಿಕೆಗಳು ಹೊಸದರಂತೆಯೇ ಸಿಕ್ಕವು. ಇವತ್ತಿಗೂ ಅತಿ ಹೆಚ್ಚಿನ ಗ್ರೇಡು ಅಂದರೆ ಆ ಸಂಗ್ರಹದ ಹೆಸರೇ ಬರುತ್ತದೆ. ಆದರೆ ಆತ ಅವನ್ನು ಕೊಳ್ಳುತ್ತಿದ್ದ ಕಾಲದಲ್ಲಿ ಹಳೆಯ ಕಾಮಿಕ್ಸ್‌ಗೆ ಮಾರುಕಟ್ಟೆಯೇ ಇರಲಿಲ್ಲ. 'ರೇಟ್ ಬರುತ್ತೆ' ಎಂದು ಲೆಕ್ಕ ಹಾಕಿದವನಲ್ಲ ಆತ.

ರೇಟು ಬಂದದ್ದು ಆಮೇಲೆ. 1970ರಲ್ಲಿ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಬಂತು. 2000ದಲ್ಲಿ ಸಿಜಿಸಿ ಎಂಬ ಕಂಪನಿ ಶುರುವಾಯಿತು. ನೀವು ಕಳಿಸಿದ ಪ್ರತಿಯನ್ನು ಪರೀಕ್ಷಿಸಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸ್ ಕಳಿಸುತ್ತಾರೆ. ಇದಕ್ಕೆ 'ಸ್ಲ್ಯಾಬ್' ಎಂದು ಹೆಸರು. ಮುಖಪುಟ ಕಾಣುತ್ತದೆ, ಹಿಂಬದಿ ಕಾಣುತ್ತದೆ, ಒಳಗಿನ ಒಂದು ಪುಟವೂ ಕಾಣುವುದಿಲ್ಲ. 2024ರ ಏಪ್ರಿಲಿನಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯ 8.5 ಗ್ರೇಡಿನ ಪ್ರತಿಯೊಂದು 60 ಲಕ್ಷ ಡಾಲರಿಗೆ ಹರಾಜಾಯಿತು.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇಡುತ್ತೇನೆ. ಸೂಪರ್‌ಮ್ಯಾನನನ್ನು ಹುಟ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅವನ ಹಕ್ಕುಗಳನ್ನು ಬಿಟ್ಟುಕೊಟ್ಟದ್ದು 130 ಡಾಲರಿಗೆ. ಬದುಕಿನ ಬಹುಪಾಲು ಕೋರ್ಟು ಕಚೇರಿ ಅಲೆದು, ಕೊನೆಗೆ 1975ರಲ್ಲಿ ಅವರಿಗೆ ವಾರ್ಷಿಕ ಪಿಂಚಣಿಯೂ ಕೃತಿಯ ಮೇಲೆ ಹೆಸರೂ ಸಿಕ್ಕಿತು. ಆ 130 ಡಾಲರು ಸೇರಿದ್ದ ಹಳೆಯ ಚೆಕ್ಕನ್ನು 2012ರಲ್ಲಿ ಹರಾಜಿಗಿಟ್ಟಾಗ 1,60,000 ಡಾಲರು ಬಂತು! ಬರೆದವರಿಗೆ ಸಿಗದ ಹಣ, ಅವರಿಗೆ ಕೊಟ್ಟ ಚೂರು ಹಣದ ರಸೀದಿಗೆ ಸಿಕ್ಕಿತು. ಮಾರುಕಟ್ಟೆ ಇತಿಹಾಸವನ್ನು ಗೌರವಿಸುವ ರೀತಿ ಇದು.

ಇನ್ನು ನನ್ನ ಕತೆ. ಜನಪ್ರಿಯ ಮುದ್ರಣ ಸಂಸ್ಕೃತಿ ನನ್ನ ಪಿಎಚ್.ಡಿ. ವಿಷಯ. ಒಂದು ಸೆಮಿಸ್ಟರಿನ ಮಟ್ಟಿಗೆ ಅಮೆರಿಕಕ್ಕೆ ಹೋಗಿದ್ದೆ. 1940ರ ದಶಕದ ಕೊನೆಯ ಪ್ರಣಯ ಕಾಮಿಕ್ಸ್‌ಗಳ ಬಗ್ಗೆ ಒಂದು ಅಧ್ಯಾಯ ಬರೆಯಬೇಕಿತ್ತು. 1947ರಲ್ಲಿ ಜೋ ಸೈಮನ್ ಮತ್ತು ಜಾಕ್ ಕರ್ಬಿ 'ಯಂಗ್ ರೊಮಾನ್ಸ್' ಶುರು ಮಾಡಿದ ಮೇಲೆ ಇವು ಮಳೆಗಾಲದ ಅಣಬೆಯಂತೆ ಎದ್ದವು. ನನಗೆ ಬೇಕಿದ್ದ ಒಂದು ಸಂಚಿಕೆಯ ಸ್ಕ್ಯಾನ್ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಸ್ಲ್ಯಾಬ್, ಗ್ರೇಡು 5.0, ಬೆಲೆ 140 ಡಾಲರು. ಊಟದ ದುಡ್ಡು ಉಳಿಸಿ ಕೊಂಡೆ. ಅದರ ಜೊತೆ ಸಿಕ್ಕ ಪರೀಕ್ಷಕರ ಟಿಪ್ಪಣಿಯಲ್ಲಿ ದೋಷಗಳ ಪಟ್ಟಿ ಇತ್ತು: ಬೆನ್ನಿನ ಮೇಲೆ ಮಡಿಕೆ, ಮೂಲೆ ಸವೆದಿದೆ, ಒಳಪುಟದಲ್ಲಿ ಪೆನ್ಸಿಲ್ ಬರಹ.

ಒಳಪುಟದಲ್ಲಿ ಪೆನ್ಸಿಲ್ ಬರಹ! ಯಾರು, ಏನು ಬರೆದದ್ದು? ಮೂರು ವಾರ ಆ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಒಡೆದರೆ ಗ್ರೇಡು ಹೋಗುತ್ತದೆ, ಗ್ರೇಡು ಹೋದರೆ ಮರುಮಾರಾಟದ ಬೆಲೆ ಬಿದ್ದುಹೋಗುತ್ತದೆ. ಕೊನೆಗೊಂದು ರಾತ್ರಿ ರೂಮ್‌ಮೇಟ್ ಹತ್ತಿರ ಸ್ಕ್ರೂಡ್ರೈವರ್ ಇಸಕೊಂಡು ಮೂಲೆ ಎಬ್ಬಿಸಿದೆ. ಟಪ್ ಅಂತ ಬಿಟ್ಟುಕೊಂಡಿತು. ಮೊದಲು ಬಂದದ್ದು ವಾಸನೆ, ಹಳೆಯ ಟ್ರಂಕಿನದು. ನಡುವೆ ಒಂದು ಪುಟದಲ್ಲಿ ಓದುಗರಿಗೆ ಪ್ರಶ್ನಾವಳಿ ಇತ್ತು, ನಿಮ್ಮವನು ಮದುವೆಗೆ ತಕ್ಕವನೇ ಎಂದು ಅಂಕ ಹಾಕಿ ನೋಡಿಕೊಳ್ಳುವಂಥದ್ದು. ಯಾರೋ ಒಬ್ಬಳು ಹತ್ತಕ್ಕೂ ಉತ್ತರ ಗುರುತಿಸಿದ್ದಳು. ಎರಡು ಕಡೆ ಅಳಿಸಿ ಮತ್ತೆ ಬರೆದಿದ್ದಳು. ಕೂಡಿದ ಮೊತ್ತವನ್ನು ಮಾತ್ರ ಬರೆದಿರಲಿಲ್ಲ.

ನನ್ನ ಅಧ್ಯಾಯದ ಅತಿ ಮುಖ್ಯವಾದ ಪುಟ ಅದು. ಗ್ರೇಡು ಕೊಡುವವರ ಪಟ್ಟಿಯಲ್ಲಿ ಅದು ದೋಷ. ಅವರು ಸುಳ್ಳು ಹೇಳಲಿಲ್ಲ, ತಮ್ಮ ಕೆಲಸ ಪ್ರಾಮಾಣಿಕವಾಗಿಯೇ ಮಾಡಿದ್ದಾರೆ. ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಓದುಗರು ಮುಟ್ಟಿದಷ್ಟೂ ಅಂಕ ಕಳೆಯುವ ಕೋಲು ಅದು. ಹತ್ತಕ್ಕೆ ಹತ್ತು ಬರಬೇಕಾದರೆ ಆ ಪುಸ್ತಕವನ್ನು ಯಾರೂ ಓದಿರಬಾರದು.

ಸ್ಲ್ಯಾಬಿನ ಪರವಾದ ವಾದ ನನಗೂ ಗೊತ್ತು. ಈ ವ್ಯಾಪಾರದಲ್ಲಿ ಮೋಸ ಇದೆ. ಅಂಚು ಕತ್ತರಿಸಿ ಚೊಕ್ಕ ಮಾಡುತ್ತಾರೆ, ಬಣ್ಣ ಹಚ್ಚುತ್ತಾರೆ, ಬೇರೆ ಪ್ರತಿಯ ನಡುಹಾಳೆ ತಂದು ಸೇರಿಸುತ್ತಾರೆ. ಲಕ್ಷಗಟ್ಟಲೆ ಸುರಿಯುವವರಿಗೆ ಪರಿಣತರ ಖಾತ್ರಿ ಬೇಕೇ ಬೇಕು. ಕಾಗದ ಅಷ್ಟು ದುರ್ಬಲವಾದಾಗ ರಕ್ಷಣೆಯೂ ಬೇಕು. ಒಪ್ಪಿದೆ. ಆದರೆ ನನ್ನೆದುರು ಕೂತ ಹುಡುಗ ಲಕ್ಷ ಸುರಿಯುವವನಲ್ಲ. ಸಿರಿವಂತರ ಭಯವನ್ನು ಬಡ ವಿದ್ಯಾರ್ಥಿಗೆ ಯಾಕೆ ಅಂಟಿಸುತ್ತೀರಿ?

ನನ್ನ ವಿಭಾಗದ ಗೆಳೆಯರು ಇದಕ್ಕೆ ತದ್ವಿರುದ್ಧ: 'ಸ್ಕ್ಯಾನ್ ಇದೆಯಲ್ಲ, ಪುಸ್ತಕ ಯಾಕೆ ಬೇಕು? ಎಲ್ಲ ವಸ್ತುಮೋಹ.' ಅರ್ಧ ನಿಜ. ಆ ಕಾಲದ ಅಮೆರಿಕದ ಕಾನೂನಿನಂತೆ 28 ವರ್ಷವಾದಾಗ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಬಾಗಿಲು ಮುಚ್ಚಿದ ಎಷ್ಟೋ ಪ್ರಕಾಶನಗಳ ಕಾಮಿಕ್ಸ್‌ಗೆ ಆ ಕೆಲಸ ಆಗಲಿಲ್ಲ. ಹಾಗಾಗಿ 'ಡಿಜಿಟಲ್ ಕಾಮಿಕ್ ಮ್ಯೂಸಿಯಂ', 'ಕಾಮಿಕ್ ಬುಕ್ ಪ್ಲಸ್' ತಾಣಗಳಲ್ಲಿ ಸಾವಿರಾರು ಸಂಚಿಕೆಗಳು ಪುಕ್ಕಟೆ ಓದಲು ಸಿಗುತ್ತವೆ. ಶುರುವಾಗಬೇಕಾದ್ದು ಅಲ್ಲಿಂದಲೇ. ಆದರೆ ಆ ಹುಡುಗಿಯ ಪೆನ್ಸಿಲ್ ಗುರುತು ಆ ಒಂದು ಪ್ರತಿಯಲ್ಲಿ ಮಾತ್ರ ಇದೆ. ಸ್ಕ್ಯಾನ್ ಕೃತಿಯನ್ನು ಉಳಿಸುತ್ತದೆ. ಅದನ್ನು ಕೈಯಲ್ಲಿ ಹಿಡಿದವರನ್ನು ಉಳಿಸುವುದು ಪ್ರತಿ.

ಮುಖಪುಟ ನೋಡಿ ಗೋಡೆಗೆ ತೂಗುಹಾಕಿದರೆ ಇನ್ನೊಂದು ನಷ್ಟವಿದೆ. 'ಗೋಲ್ಡನ್' ಎಂಬ ಮಾತು ಪ್ರಶ್ನೆಯೇ ಇಲ್ಲದೆ ಉಳಿದುಬಿಡುತ್ತದೆ. ಒಳಗೆ ಓದಿದರೆ ಯುದ್ಧಕಾಲದ ಕತೆಗಳಲ್ಲಿ ಜಪಾನೀಯರು ಕೋರೆಹಲ್ಲಿನ ರಾಕ್ಷಸರು. ವಿಲ್ ಐಸ್ನರ್‌ನಂಥ ಪ್ರತಿಭಾವಂತನ 'ದ ಸ್ಪಿರಿಟ್'ನಲ್ಲೂ ಕಪ್ಪು ಹುಡುಗ ಎಬನಿ ವೈಟ್ ದಪ್ಪ ತುಟಿಯ ವ್ಯಂಗ್ಯಚಿತ್ರ. ಫಿಲಡೆಲ್ಫಿಯಾದ ಪತ್ರಕರ್ತ ಆರಿನ್ ಇವಾನ್ಸ್ 1947ರಲ್ಲಿ ಕಪ್ಪು ಕಲಾವಿದರನ್ನೇ ಸೇರಿಸಿಕೊಂಡು 'ಆಲ್-ನೀಗ್ರೋ ಕಾಮಿಕ್ಸ್' ತಂದರೆ, ಎರಡನೇ ಸಂಚಿಕೆಗೆ ಅವನಿಗೆ ಕಾಗದ ಮಾರುವವರೇ ಸಿಗಲಿಲ್ಲ. ಒಂದೇ ಸಂಚಿಕೆಗೆ ನಿಂತಿತು. ಅದೇ ಒಳಪುಟಗಳಲ್ಲಿ ಕಪ್ಪು ಕಲಾವಿದ ಮ್ಯಾಟ್ ಬೇಕರ್‌ನ ಸೊಗಸಾದ ಗೆರೆಯೂ ಇದೆ. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದ ಲಿಲಿ ರೆನೆ ಬಿಡಿಸಿದ ಗೂಢಚಾರಿಣಿಯ ಸಾಹಸಗಳೂ ಇವೆ. ಈ ಕಾಲಕ್ಕೆ ಯಾವ ಲೋಹದ ಹೆಸರಿಡಬೇಕು ಎಂದು ಓದಿದ ಮೇಲೆ ಹೇಳಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಗುಟ್ಟು. ಅಗ್ಗದ ಅಂಚೆ ದರ ಸಿಗಬೇಕಾದರೆ ಪತ್ರಿಕೆಯಲ್ಲಿ ಬರೀ ಚಿತ್ರ ಇದ್ದರೆ ಸಾಲದು, ಒಂದಿಷ್ಟು ಗದ್ಯವೂ ಇರಬೇಕಿತ್ತು. ಹಾಗಾಗಿ ಪ್ರತಿ ಕಾಮಿಕ್ಸ್‌ನಲ್ಲೂ ಒಂದೆರಡು ಪುಟ ಗದ್ಯಕತೆ ತುರುಕುತ್ತಿದ್ದರು. ಹದಿಹರೆಯದ ಸ್ಟಾನ್ ಲೀ ಮೊದಲು ಅಚ್ಚಾದದ್ದು 1941ರಲ್ಲಿ, ಕ್ಯಾಪ್ಟನ್ ಅಮೆರಿಕದ ಮೂರನೇ ಸಂಚಿಕೆಯ ಅಂಥದೇ ಎರಡು ಪುಟಗಳಲ್ಲಿ. ಅಂಚೆ ಇಲಾಖೆಯ ನಿಯಮದಿಂದ ಹುಟ್ಟಿದ ಈ ಗದ್ಯದ ಬಗ್ಗೆ ಯಾರಾದರೂ ಒಂದು ಒಳ್ಳೆಯ ಪ್ರಬಂಧ ಬರೆಯಬಹುದು. ಡಬ್ಬಿಯ ಹೊರಗೆ ಕೂತು ಬರೆಯಲಾಗುವುದಿಲ್ಲ, ಅಷ್ಟೇ.

ಹಾಗಾದರೆ ಹೇಗೆ ಶುರು ಮಾಡುವುದು? ಮೊದಲು ಐವತ್ತು ಸಂಚಿಕೆಗಳನ್ನಾದರೂ ಸ್ಕ್ಯಾನ್‌ನಲ್ಲಿ ಓದಿ. ಮತ್ತೆ ಮತ್ತೆ ಎಳೆಯುವುದು ಯಾವುದು ಎಂದು ಗಮನಿಸಿ. ಒಬ್ಬ ಚಿತ್ರಕಾರ, ಒಂದು ಪ್ರಕಾರ, ಒಂದು ವರ್ಷ, ಯಾವುದಾದರೂ ಒಂದು ದಾರ ಹಿಡಿಯಿರಿ. ಆಮೇಲೆ ಅದರ ಅತಿ ಹರಿದ ಪ್ರತಿಯನ್ನು ಹುಡುಕಿ: ಕವರ್ ಇಲ್ಲದ್ದು, ಪಿನ್ನು ತುಕ್ಕು ಹಿಡಿದದ್ದು, ಟೇಪು ಅಂಟಿಸಿದ್ದು. ಪ್ರಸಿದ್ಧ ಸೂಪರ್‌ಹೀರೋಗಳನ್ನು ಬಿಟ್ಟರೆ ಇಂಥವು ವಿದ್ಯಾರ್ಥಿಯ ಕೈಗೂ ಎಟುಕುತ್ತವೆ. ಕವರಿಲ್ಲದ ಒಂದು ಕೌಬಾಯ್ ಕಾಮಿಕ್ಸ್‌ಗೆ ನಾನು ಕೊಟ್ಟದ್ದು 12 ಡಾಲರು. 1941ರಲ್ಲಿ ಶುರುವಾದ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' ಮಾಲೆಯೂ ಒಳ್ಳೆಯ ಪಾಠಶಾಲೆ. ಅದನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಹಿಂಬದಿಯ ಪಟ್ಟಿಯಲ್ಲಿ ಕೊನೆಯ ಸಂಚಿಕೆಯ ಸಂಖ್ಯೆ ನೋಡಿ ಯಾವ ಮುದ್ರಣ ಎಂದು ಪತ್ತೆ ಹಚ್ಚಬಹುದು. ಹಸ್ತಪ್ರತಿಗಳ ಕಾಲ ನಿರ್ಣಯ ಮಾಡುವವರಿಗೆ ಈ ಆಟ ಹಿಡಿಸದಿರದು.

ಕೊಳ್ಳುವ ಮೊದಲು ಎಲ್ಲ ಪುಟಗಳೂ ಇವೆಯೇ, ನಡುಹಾಳೆ ಇದೆಯೇ, ಯಾವುದಾದರೂ ಕೂಪನ್ ಕತ್ತರಿಸಿದ್ದಾರೆಯೇ ಎಂದು ಮಾರುವವರನ್ನು ಕೇಳಿ. ತಂದ ಮೇಲೆ ಆಮ್ಲರಹಿತ ರಟ್ಟಿನ ಜೊತೆ ಮೈಲಾರ್ ಲಕೋಟೆಯಲ್ಲಿಡಿ. ಬಿಸಿಲು, ತೇವ ಎರಡೂ ಶತ್ರುಗಳು. ನಮ್ಮ ಮಲೆನಾಡಿನಲ್ಲಾದರೆ ಗೆದ್ದಲು ಮೂರನೆಯದು. ನೀವಾಗಿ ಟೇಪು ಹಚ್ಚಬೇಡಿ. ಕೈ ತೊಳೆದು ಒರೆಸಿಕೊಂಡು ತೆರೆಯಿರಿ. ಆದರೆ ತೆರೆಯಿರಿ.

ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕನ್ನಡ ಇಂದ್ರಜಾಲ ಕಾಮಿಕ್ಸ್‌ಗಳಿವೆ. ಅವುಗಳಲ್ಲಿರುವ ಫ್ಯಾಂಟಮ್, ಸೂಪರ್‌ಮ್ಯಾನನಿಗಿಂತ ಎರಡು ವರ್ಷ ಮೊದಲೇ, 1936ರಲ್ಲಿ, ಅಮೆರಿಕದ ದಿನಪತ್ರಿಕೆಗಳಲ್ಲಿ ಹುಟ್ಟಿದವನು. ಒಂದೊಂದರ ಮೇಲೂ ನೀಲಿ ಶಾಯಿಯಲ್ಲಿ ಅಪ್ಪನ ಹೆಸರು, 8ನೇ ಎ, ಕೆಳಗೆ 'ಓದಿ ಹಿಂತಿರುಗಿಸಿ' ಎಂಬ ತಾಕೀತು. ಈಗ ಇಂಥ ಪ್ರತಿಗಳನ್ನೂ 'ಮಿಂಟ್ ಕಂಡಿಷನ್', 'ಹೆಸರು ಬರೆದಿಲ್ಲ' ಎಂದು ಮಾರುವವರು ಬಂದಿದ್ದಾರೆ. ಆ ಲೆಕ್ಕದಲ್ಲಿ ಅಪ್ಪನ ಎಂಟನೇ ಕ್ಲಾಸು ಒಂದು ದೋಷ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: 'ಮಾವನಿಗೆ ಫೋನ್ ಮಾಡಿ, ಕವರ್ ಇಲ್ಲದ್ದು, ಯಾರಾದ್ರೂ ಹೆಸರು ಬರೆದಿರೋದು ಸಿಕ್ಕಿದ್ರೆ ತನ್ನಿ ಅನ್ನು.' ಅವನಿಗೆ ನಗು ಬಂತು. 'ಅದಕ್ಕೆ ರೇಟ್ ಬರಲ್ಲ ಅಕ್ಕಾ' ಅಂದ.

ಬರಲ್ಲ. ಓದೋಕೆ ಬರುತ್ತೆ.