ಹತ್ತು ತೋಳು, ಒಂದು ಸೀಸೆ

ಔಷಧವನ್ನು ಕಂಡುಹಿಡಿದವರ ಹೆಸರನ್ನು ಲೋಕ ನೆನೆಯುತ್ತದೆ. ಅದನ್ನು ಸರದಿಯಲ್ಲಿ ನಿಂತವರ ತೋಳಿನವರೆಗೆ ತಲುಪಿಸಿದವರನ್ನು ಕೇಳುವವರು ವಿರಳ. ಆದರೆ ಸೀಸೆಯೊಳಗೇ ಉಳಿದ ಔಷಧದಿಂದ ಯಾವ ಬೇನೆ ತಾನೆ ನಿಂತೀತು?

ಬೆಳಗಾವಿಯ ಟಿಳಕವಾಡಿಯಲ್ಲಿ ಮುಂಜಾವಿನ ವಿಹಾರಕ್ಕೆ ಹೊರಡುವವರೆಲ್ಲರೂ ವ್ಯಾಕ್ಸಿನ್ ಡಿಪೋದ ಮರಗಳ ನೆರಳನ್ನು ಬಲ್ಲರು. ಆ ಹೆಸರಿನ ಹಿಂದೆ ದೊಡ್ಡ ಇತಿಹಾಸವಿದೆ. ಸಿಡುಬನ್ನು ದೇಶದಿಂದ ಓಡಿಸುವ ಕಾರ್ಯ ನಡೆದಿದ್ದಾಗ, ಶೀತದಲ್ಲಿ ಒಣಗಿಸಿದ ದೇವಿ ಲಸಿಕೆಯನ್ನು ತಯಾರಿಸಿದ ಭಾರತದ ನಾಲ್ಕು ಸ್ಥಳಗಳಲ್ಲಿ ಬೆಳಗಾವಿಯೂ ಒಂದು. 1975ರ ಮೇ ತಿಂಗಳ ಅನಂತರ ನಮ್ಮ ನಾಡಿನಲ್ಲಿ ಸಿಡುಬು ಕಾಣಿಸಿಕೊಂಡಿಲ್ಲ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಪುಣೆಯಿಂದ ಬಂದಾಗ ಅದನ್ನು ಇಳಿಸಿಕೊಂಡದ್ದೂ ಅದೇ ಡಿಪೋದ ಶೈತ್ಯಾಗಾರವೇ.

ಲಸಿಕೆಯ ಕೇಂದ್ರವೆಂದರೆ ಒಂದು ಸೂಜಿ, ಒಬ್ಬ ದಾದಿ ಎಂದು ತಿಳಿಯುವುದುಂಟು. ಹಾಗಲ್ಲ. ಕಾಯಲು ಒಂದು ಕೋಣೆ, ಚುಚ್ಚಲು ಒಂದು, ಚುಚ್ಚಿದ ಮೇಲೆ ಅರ್ಧ ಗಂಟೆ ಕುಳಿತಿರಲು ಇನ್ನೊಂದು. ಬಾಗಿಲಲ್ಲಿ ಗುರುತಿನ ಚೀಟಿ ನೋಡುವವರೊಬ್ಬರು, ಹೆಸರು ದಾಖಲಿಸುವವರೊಬ್ಬರು, ಗುಂಪನ್ನು ಸಂಭಾಳಿಸಲು ಮತ್ತಿಬ್ಬರು. ಒಳಗೆ ಹೋದವನು ಬಂದ ಬಾಗಿಲಿನಿಂದಲೇ ಹಿಂದಿರುಗಿದರೆ ಸರದಿ ಕದಡಿತೆಂದೇ ಅರ್ಥ. ಮದುವೆಯ ಮನೆಯಲ್ಲಿ ಪಂಕ್ತಿ ಎಬ್ಬಿಸಿ ಪಂಕ್ತಿ ಕೂರಿಸಿದವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗರದಲ್ಲಿ ಜನ ಹೆಚ್ಚೆಂಬ ಚಿಂತೆ. ಖಾನಾಪುರದ ಕಾಡಿನಲ್ಲಿ ಜನ ಸಾಲದೆಂಬ ಚಿಂತೆ. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಮದ್ದು ಇರುತ್ತಿತ್ತು. ಮುಚ್ಚಳಕ್ಕೆ ಸೂಜಿ ಚುಚ್ಚಿದ ಮೇಲೆ ನಾಲ್ಕೇ ಗಂಟೆಗಳ ಆಯುಸ್ಸು; ಉಳಿದದ್ದನ್ನು ಎಸೆಯಬೇಕಾಗಿತ್ತು. ಭೀಮಗಡ ಅರಣ್ಯದೊಳಗಿನ ಗವ್ವಾಳಿ, ಕೃಷ್ಣಾಪುರ, ಆಮಗಾವಿಗಳಂಥ ಊರುಗಳಲ್ಲಿ ಮನೆಗಳೇ ಕೆಲವು. ಮಳೆಗಾಲದಲ್ಲಿ ಹಾದಿಯೂ ದುರ್ಗಮ. ಮಂಜಿನ ಪೊಟ್ಟಣಗಳಿಟ್ಟ ಪೆಟ್ಟಿಗೆಯನ್ನು ಹೊತ್ತು ಅಂಥ ಊರಿಗೆ ಬಂದವರ ಎದುರು ಆರೇ ಜನ ನಿಂತರೆ ಏನು ಮಾಡಬೇಕು? ಸೀಸೆ ಒಡೆದರೆ ನಾಲ್ವರ ಪಾಲು ಮಣ್ಣುಪಾಲು. ಒಡೆಯದಿದ್ದರೆ ಆರು ಜನ ಬರಿಗೈ.

ಹಾಗಿದ್ದರೆ ಉಳಿದದ್ದನ್ನು ನಾಳೆಗೆ ಇಡಬಾರದೆ ಎಂದು ಗೃಹಿಣಿಯರು ಕೇಳಿಯಾರು. ಉಳಿದ ಸಾರನ್ನೂ ಚೆಲ್ಲದ ಕೈಗಳಿಗೆ ಅದು ಸಹಜವಾದ ಪ್ರಶ್ನೆಯೇ. ಅದಕ್ಕೆ ಉತ್ತರ 1902ರ ಪಂಜಾಬಿನಲ್ಲಿದೆ. ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ನರ ಪ್ಲೇಗು ಲಸಿಕೆ ಹಾಕಿಸಿಕೊಂಡವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಮದ್ದು ಹೋದದ್ದು ಒಂದೇ ಸೀಸೆಯಿಂದ. ಸೀಸೆಯನ್ನು ತೆರೆಯುವಾಗ ಅಲಕ್ಷ್ಯವಾಯಿತೆಂಬುದು ಮುಂದೆ ಹೊರಬಿದ್ದಿತು. ಆದರೂ ಹಾಫ್‌ಕಿನ್ನರು ಅಪವಾದ ಹೊತ್ತರು, ಹುದ್ದೆ ಕಳೆದುಕೊಂಡರು, 1907ರಲ್ಲಿ ನಿರ್ದೋಷಿಯೆನಿಸಿದರು. ತೆರೆದ ಸೀಸೆಗೆ ಗಡಿಯಾರ ಕಟ್ಟಿದ್ದು ಜಿಪುಣತನಕ್ಕೆ ವಿರೋಧವೇ ಸರಿ, ಆದರೆ ಪ್ರಾಣಕ್ಕೆ ಕಾವಲು.

ಆದ್ದರಿಂದ ಬುದ್ಧಿವಂತಿಕೆ ಬೇಕಾದದ್ದು ಸೀಸೆ ಒಡೆಯುವುದಕ್ಕೆ ಮೊದಲು. ಹಿಂದಿನ ದಿನವೇ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡಿರಬೇಕು. ಗದ್ದೆಗೆ ಹೋದವರನ್ನು ಯಾವಾಗ ಕರೆಯಬೇಕೆಂಬುದು ಗೊತ್ತಿರಬೇಕು. ಮರಾಠಿಯಲ್ಲಿ ಕೇಳಿದ ಅಜ್ಜಿಗೆ ಮರಾಠಿಯಲ್ಲಿ, ಕನ್ನಡದಲ್ಲಿ ಕೇಳಿದವಳಿಗೆ ಕನ್ನಡದಲ್ಲಿ ಅಳುಕು ಬಿಡಿಸಬೇಕು. ಸೂಜಿಯ ಭಯಕ್ಕೆ ಗಡಿಯ ತಂಟೆಯಿಲ್ಲ. ಹತ್ತು ಜನ ಕೂಡಿದ ಮೇಲೆ ಮುಚ್ಚಳಕ್ಕೆ ಕೈ. ಯಾರೂ ಕೂಡದಿದ್ದರೆ? ಆಗ ಆರು ಜೀವಗಳು ನಾಲ್ಕು ಹನಿಗಿಂತ ಮಿಗಿಲೆಂದು ಒಡೆಯುವುದೇ ಧರ್ಮವೆಂದು ನಮಗೆ ತೋರುತ್ತದೆ.

ಇದರಲ್ಲಿ ನಮ್ಮ ಪಾಲೂ ಇಲ್ಲದಿಲ್ಲ. ಹೆಸರು ಕೊಟ್ಟು ಬಾರದೆ ಉಳಿಯುವ ಸಭ್ಯರು ಪಟ್ಟಣದಲ್ಲಿ ಬೇಕಾದಷ್ಟು ಮಂದಿ. ಮುಂದೆ ಎಂದಾದರೂ ಅಂಥ ಸಾಲು ನಮ್ಮ ಬೀದಿಯಲ್ಲಿ ನಿಂತರೆ, ಹೇಳಿದ ಹೊತ್ತಿಗೆ ಹೋಗೋಣ. ಹೋಗಲಾರೆವಾದರೆ ಮೊದಲೇ ತಿಳಿಸೋಣ. ಪಕ್ಕದ ಮನೆಯ ಮುದುಕರನ್ನು ಜೊತೆಗೆ ಕರೆದೊಯ್ಯೋಣ. ಹತ್ತನೆಯ ತೋಳು ಅವರದೇ ಆಗಬಹುದು.