ಕೈಕೊಟ್ಟ ಪುನರ್ವಸು

ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಒಂದು ವರದಿಯನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಹಳ್ಳಿಯೊಂದರ ಬೆಳೆಯ ಸ್ಥಿತಿಯನ್ನು ಕುರಿತು ಬರೆದುದು. ಭಾಷೆಯನ್ನು ತಿದ್ದಿಕೊಡಬೇಕೆಂಬುದಷ್ಟೇ ಅವನ ಕೋರಿಕೆ. ಕನ್ನಡ ಅಧ್ಯಾಪಕನ ಕೈಗೆ ಕೆಂಪು ಲೇಖನಿ ಸಿಕ್ಕಿದರೆ ಕೇಳಬೇಕೆ? ಮೊದಲ ವಾಕ್ಯದಲ್ಲಿಯೇ 'ರಾಗಿಯ ಗದ್ದೆ' ಎಂದಿದ್ದಿತು. ಗದ್ದೆ ಭತ್ತಕ್ಕೆ, ರಾಗಿಗೆ ಹೊಲ ಎಂದು ತಿದ್ದಿದೆನು.

'ಜುಲೈ ತಿಂಗಳಲ್ಲಿ ವಾಡಿಕೆಯಷ್ಟು ಮಳೆಯಾಗಿದೆ. ರೈತರ ಮೊಗದಲ್ಲಿ ಮಂದಹಾಸ' ಎಂದು ವರದಿ ಮುಗಿದಿತ್ತು. ವ್ಯಾಕರಣದೋಷವೇನೂ ಇರಲಿಲ್ಲ.

"ಅಲ್ಲಿ ಯಾರನ್ನು ಕಂಡುಬಂದೆಯಪ್ಪಾ?" ಎಂದು ಕೇಳಿದೆನು.

"ಊರಿನ ದೊಡ್ಡ ಜಮೀನುದಾರರನ್ನು, ಸಾರ್. ಕಾಫಿ ಕೊಟ್ಟು ಎಲ್ಲವನ್ನೂ ವಿವರಿಸಿದರು. ದಾರಿಯಲ್ಲಿ ಸಿಕ್ಕಿದ ಮುದುಕರೊಬ್ಬರು ಮಾತ್ರ 'ಪುನರ್ವಸು ಕೈಕೊಟ್ಟಿತು' ಎಂದರು. ಅರ್ಥವಾಗಲಿಲ್ಲ, ಬಿಟ್ಟುಬಿಟ್ಟೆ."

ಅವನು ಬಿಟ್ಟುಬಿಟ್ಟದ್ದೇ ಸುದ್ದಿಯಾಗಿತ್ತು! ನಾನಾದರೂ ಪುನರ್ವಸುವನ್ನು ಪಂಚಾಂಗದಲ್ಲಿ ಬಲ್ಲೆನೇ ಹೊರತು ಹೊಲದಲ್ಲಿ ಬಲ್ಲವನಲ್ಲ. ಊರಿನಲ್ಲಿರುವ ತಾಯಿಯವರಿಗೆ ದೂರವಾಣಿ ಮಾಡಿ ಕೇಳಿ ತಿಳಿದುಕೊಳ್ಳಬೇಕಾಯಿತು. ರೈತನು ಮಳೆಯನ್ನು ಎಣಿಸುವುದು ತಿಂಗಳಿನಿಂದಲ್ಲ, ನಕ್ಷತ್ರದಿಂದ. ಜುಲೈ ಮೊದಲಲ್ಲಿ ಆರಿದ್ರಾ ಸುರಿದು, ಕೊನೆಯಲ್ಲಿ ಪುಷ್ಯ ಸುರಿದರೆ ತಿಂಗಳ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ನಡುವಣ ಎರಡು ವಾರ ಪುನರ್ವಸು ಬಾರದೆ ಎಳೆಯ ಪೈರು ಒಣಗಿಹೋದದ್ದು ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಹುಡುಗನನ್ನು ಪುನಃ ಕಳುಹಿಸಿದೆನು. ಈ ಸಲ ಜಗಲಿಯ ಮೇಲೆ ಕೂರದೆ ಕೂಲಿಯವರ ಕೇರಿಗೆ ಹೋಗೆಂದೆನು. ಅಲ್ಲಿ ಒಬ್ಬ ಹೆಂಗಸು ಅವನಿಗೆ ಹೇಳಿದಳಂತೆ: "ಬೆಳೆ ವಿಚಾರ ಹೊಲದೋರ್ನ ಕೇಳಪ್ಪಾ. ನಮ್ಮನ್ನ ಎಷ್ಟು ದಿನ ಕೂಲಿ ಸಿಕ್ತು ಅಂತ ಕೇಳು." ಪೈರಿಲ್ಲದ ಮೇಲೆ ಕಳೆ ಕೀಳುವ ಕೆಲಸವಿಲ್ಲ, ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ, ಅಂಗಡಿಯಲ್ಲಿ ಸಾಲ ಬೆಳೆಯುತ್ತಿದೆ. ಸುಗ್ಗಿಗೆ ಇನ್ನೂ ಮೂರು ತಿಂಗಳಿರುವಾಗಲೇ ಅವಳ ಮನೆಗೆ ಬರ ಬಂದುಬಿಟ್ಟಿದೆ.

ಇದು ಒಂದು ಹಳ್ಳಿಯ ಮಾತಷ್ಟೇ ಅಲ್ಲ. 1943ರ ಬಂಗಾಳದ ಕ್ಷಾಮವನ್ನು ನೆನೆಯಿರಿ. ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ಆ ವರ್ಷ ಬಂಗಾಳದಲ್ಲಿದ್ದ ಧಾನ್ಯ 1941ರಲ್ಲಿದ್ದುದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಆದರೆ 1942ರ ಡಿಸೆಂಬರಿನಲ್ಲಿ ಮಣಕ್ಕೆ 13-14 ರೂಪಾಯಿಯಿದ್ದ ಅಕ್ಕಿಯ ಬೆಲೆ ಮರುವರ್ಷದ ಆಗಸ್ಟಿನಲ್ಲಿ 37ಕ್ಕೆ ಏರಿತು. ಕೂಲಿಯವನ ಸಂಬಳ ಅದರ ಹಿಂದೆ ಏರಲಿಲ್ಲ. ಅಧಿಕಾರಿಗಳು 'ಕ್ಷಾಮ'ವೆಂಬ ಪದವನ್ನೇ ನುಂಗಿಕೊಂಡರು. ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕರಾದ ಇಯಾನ್ ಸ್ಟೀಫನ್ಸರು ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಅಚ್ಚುಹಾಕಿದ ಮೇಲೆಯೇ ಲೋಕದ ಕಣ್ಣು ತೆರೆಯಿತು. ಅಷ್ಟರಲ್ಲಿ ಹಳ್ಳಿಗಳಲ್ಲಿ ಸತ್ತವರಿಗೆ ಲೆಕ್ಕವಿರಲಿಲ್ಲ. ಆ ಕ್ಷಾಮಕ್ಕೆ ಬಲಿಯಾದವರು ಸುಮಾರು 30 ಲಕ್ಷವೆಂದು ಸೇನರ ಅಂದಾಜು. ಹಸಿವು ನಗರದ ಪಾದಚಾರಿ ಮಾರ್ಗಕ್ಕೆ ನಡೆದುಬರುವವರೆಗೆ ಪತ್ರಿಕೆ ಕಾದರೆ ಆಗುವ ಗತಿ ಇದು.

ಆದುದರಿಂದ ಹಳ್ಳಿಯ ಸುದ್ದಿಯನ್ನು ಬರೆಯುವುದೂ ಕಲಿತು ಬರಬೇಕಾದ ವಿದ್ಯೆ. ಎಕರೆಗೆ ನಲವತ್ತು ಗುಂಟೆಯೆಂಬುದರಿಂದ ಅದು ಮೊದಲಾಗಬೇಕು. ಸರ್ಕಾರ ಬೆಂಬಲ ಬೆಲೆಯನ್ನು ಘೋಷಿಸುವುದು ಬೇರೆ, ಖರೀದಿ ಕೇಂದ್ರ ಸಕಾಲಕ್ಕೆ ಬಾಗಿಲು ತೆರೆಯುವುದು ಬೇರೆ ಎಂಬುದು ವರದಿಗಾರನಿಗೆ ತಿಳಿದಿರಬೇಕು. 2013ರ ಆಹಾರ ಭದ್ರತಾ ಕಾಯಿದೆಯನ್ನು ಓದಿದರೆ ಸಾಲದು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಂದು ಗಂಟೆ ನಿಂತೂ ನೋಡಬೇಕು.

ಈ ದಾರಿಯಲ್ಲಿ ನಡೆದವರಿಲ್ಲವೆಂದಲ್ಲ. ಪಿ. ಸಾಯಿನಾಥರು ದೇಶದ ಕಡುಬಡ ಜಿಲ್ಲೆಗಳನ್ನು ಸುತ್ತಿ ಬರೆದ ವರದಿಗಳು 1996ರಲ್ಲಿ ಪುಸ್ತಕವಾದವು. ನಮ್ಮಲ್ಲಿಯೇ, 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕನ ಕೈಗೇ ಲೇಖನಿಯನ್ನು ಕೊಟ್ಟಿತು. ಧಾರವಾಡದ ಕೃಷಿ ಮಾಧ್ಯಮ ಕೇಂದ್ರವು ಕೃಷಿ ಬರವಣಿಗೆಯಲ್ಲಿ ತರಬೇತಿಯನ್ನು ಕೊಟ್ಟಿದೆ. ಆದರೆ ಪಟ್ಟಣದ ಕಾಲೇಜುಗಳಿಂದ ಹೊರಬೀಳುವ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿ ಒಂದು ಸುಗ್ಗಿಯನ್ನು ಕಣ್ಣಾರೆ ಕಂಡಿದ್ದಾರೆ? ಅವರಿಗೆ ಪಾಠ ಹೇಳುವ ನಾವೆಷ್ಟು ಮಂದಿ ಕಂಡಿದ್ದೇವೆ?

ಎರಡನೆಯ ವರದಿಯನ್ನು ಹುಡುಗನು ಮೊನ್ನೆ ತಂದುಕೊಟ್ಟನು. ಮಂದಹಾಸ ಮಾಯವಾಗಿದ್ದಿತು. ಆ ಹೆಂಗಸಿನ ಮಾತನ್ನು ಅವಳು ಆಡಿದ ಹಾಗೆಯೇ ಬರೆದಿದ್ದನು. 'ಹೊಲದೋರ್ನ' ಎಂಬಲ್ಲಿಗೆ ಬಂದಾಗ, ಅಭ್ಯಾಸಬಲದಿಂದ ತಿದ್ದಲು ಕೈಹೋಯಿತು. ತಡೆದು, ಕೆಂಪು ಲೇಖನಿಯನ್ನು ಮುಚ್ಚಿ ಜೇಬಿಗಿಟ್ಟೆನು.